ಹಳಿಯೋ, ಕಂಬಿಯೋ?

ಗೆಳೆಯರೇ, ಸಾಗರದ ಹತ್ತಿರದ ನಮ್ಮೂರ ಶಾಲೆಯ ಗೋಡೆಗೆ ರೈಲಿನ ಕಥೆ ಬರೆದುಕೊಡಲು ಒಪ್ಪಿಕೊಂಡೆ. 1804ರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಆ ವರ್ಷ ವೇಲ್ಸ್‌ನ ಪೆನಿಡ್ಯಾರನ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಮಾಡಿದ ಉಗಿ ಎಂಜಿನ್ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಎಳೆಯಿತು. ಎಂಜಿನ್ ಗೆದ್ದಿತು, ಕೆಳಗಿದ್ದದ್ದು ಮುರಿಯಿತು. ಬೀಡು ಕಬ್ಬಿಣ ನೋಡಿ, ಭಾರ ತಡೆಯಲಿಲ್ಲ. ಈಗ ಏನು ಮುರಿಯಿತು ಅಂತ ಬರೆಯಲಿ? ಇಂಗ್ಲಿಷಿನವರಿಗೆ ‘ರೈಲು’ ಅಂದರೆ ಆ ಕಬ್ಬಿಣವೇ. ನಮ್ಮಲ್ಲಿ ಆ ಹೆಸರು ಬಂಡಿ ಹತ್ತಿ ಕೂತಿದೆ. ‘ರೈಲು ಮುರಿಯಿತು’ ಅಂದರೆ ಮಕ್ಕಳು ಬೋಗಿ ಮುರಿಯಿತು ಅಂದುಕೊಳ್ಳುತ್ತಾರೆ, ಅಲ್ವಾ?

‘ಹಳಿ ಮುರಿಯಿತು’ ಅಂತ ಬರೆದೆ. ಅತ್ತೆ ಓದಿ, “ಹಳಿ ತಪ್ಪತ್ತೆ ಕಣೋ, ಮುರಿಯೋದು ಕಂಬಿ” ಅಂದರು. ಸರಿ ಅನ್ನಿಸಿತು. ಹಳಿ ಅಂದರೆ ದಾರಿ, ಕಂಬಿ ಅಂದರೆ ಕೈಗೆ ಸಿಗುವ ವಸ್ತು. ನಮ್ಮ ಶಾಲೆಯ ಗಂಟೆಯೇ ಮೊಳದುದ್ದದ ಒಂದು ರೈಲುಕಂಬಿ ತುಂಡು. ಮಾವಿನ ಕೊಂಬೆಗೆ ಸರಪಳಿ ಕಟ್ಟಿ ನೇತುಹಾಕಿದ್ದರು. ಏಟು ಬೀಳುವ ಜಾಗ ಮಾತ್ರ ಸವೆದು ಹೊಳೆಯುತ್ತಿತ್ತು. ಮೇಷ್ಟ್ರು “ಕಂಬಿ ಹೊಡಿ” ಅನ್ನುತ್ತಿದ್ದರೇ ಹೊರತು “ಹಳಿ ಹೊಡಿ” ಅಂದದ್ದಿಲ್ಲ.

ಆದರೂ ತೊಡಕು ಬಿಟ್ಟಿಲ್ಲ. ಪೆನಿಡ್ಯಾರನ್‌ನಲ್ಲಿದ್ದವು ಮೂರಡಿ ಉದ್ದದ, ಅಂಚು ಮೇಲಕ್ಕೆ ಮಡಚಿದಂತಿದ್ದ ಎರಕದ ತುಂಡುಗಳು. ಅವನ್ನು ಕಂಬಿ ಅನ್ನಲು ನನಗೆ ಮನಸ್ಸಿಲ್ಲ, ‘ಪಟ್ಟಿ’ ಅನ್ನಬಹುದೇನೋ. 1820ರಲ್ಲಿ ಇಂಗ್ಲೆಂಡಿನ ಜಾನ್ ಬರ್ಕಿನ್‌ಶಾ ಮೆದು ಕಬ್ಬಿಣವನ್ನು ಉರುಳೆಗಳ ನಡುವೆ ಹಾಯಿಸಿ ಉದ್ದಕ್ಕೆ ಎಳೆದ. ನನ್ನ ಲೆಕ್ಕದಲ್ಲಿ ಕಂಬಿ ಹುಟ್ಟಿದ್ದೇ ಆಗ. ಅಲ್ಲಿನ 1825ರ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುದಾರಿಗೆ ಹೆಚ್ಚಾಗಿ ಹಾಕಿದ್ದು ಇವನ್ನೇ, 15 ಅಡಿಯವು. ಉಕ್ಕಿನ ಕಂಬಿ ಅಲ್ಲಿಯದೇ ಡರ್ಬಿ ಊರಲ್ಲಿ ಬಿದ್ದದ್ದು 1857ರಲ್ಲಿ. ಎಲ್ಲರೂ ಎಂಜಿನ್ನನ್ನೇ ಹೊಗಳುತ್ತಾರೆ, ಪಾಪ ಕಂಬಿಯನ್ನು ಕೇಳುವವರಿಲ್ಲ.

ನಮ್ಮ ಕಡೆಯದು ಸುಲಭ. ಬೀರೂರಿನಿಂದ ಶಿವಮೊಗ್ಗಕ್ಕೆ 1899, ತಾಳಗುಪ್ಪಕ್ಕೆ 1940. ಎರಡಕ್ಕೂ ‘ರೈಲು ಬಂತು’ ಅಂದರೆ ಮುಗಿಯಿತು. ಆದರೆ ತಾಳಗುಪ್ಪದ ಕಿರಿದಾದ ಮೀಟರ್ ಗೇಜ್ ತೆಗೆದು 2011ರಲ್ಲಿ ಅಗಲದ ಬ್ರಾಡ್ ಗೇಜ್ ಮಾಡಿದ್ದನ್ನು ಹೇಗೆ ಬರೆಯಲಿ? ‘ಹಳೆಯವರು ಹಾಕಿದ್ದರು, ಹೊಸಬರು ಕಂಬಿ ಕಿತ್ತರು’ ಅಂತ ಬರೆದು ನಾನೇ ನಕ್ಕುಬಿಟ್ಟೆ. ಕೆಲಸದವರೆಲ್ಲ ಓಡಿಹೋದರು ಅಂದಂತಾಯಿತು!

ಆ ‘ಕಂಬಿ ಕೀಳು’ ರೈಲಿನದೋ, ಕಿಟಕಿಯದೋ? ಮತ್ತೆ, ಭದ್ರಾವತಿ ಕಾರ್ಖಾನೆಯಲ್ಲಿ ಎರಕ ಹೊಯ್ದವರು ನಿಮ್ಮ ಮನೆಗಳಲ್ಲಿದ್ದರೆ ಕೇಳಿ ಹೇಳಿ: ಆ ಮೂರಡಿ ತುಂಡಿಗೆ ಅವರು ಏನನ್ನುತ್ತಾರೆ?