ಸ್ಪೇನಿನಲ್ಲಿ ಮಗನನ್ನು ಫುಟ್‌ಬಾಲಿನ ಫಾರ್ವರ್ಡ್ ಆಟಗಾರನಾಗಿ ಮುಂದುವರಿಸುವುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೊರ್ನೆಯಾ ನಿವಾಸಿ:
ನಾವು ಹಾಸನದ ಕಡೆಯವರು. ಬಾರ್ಸಿಲೋನಾಕ್ಕೆ ಅಂಟಿಕೊಂಡಿರುವ ಕೊರ್ನೆಯಾದಲ್ಲಿ ಒಂಬತ್ತು ವರ್ಷಗಳಿಂದ ನೆಲೆಸಿದ್ದೇವೆ. ಮಗನಿಗೆ 15 ವರ್ಷ, ಅದರ ಆಸುಪಾಸಿನ ವಯಸ್ಸಿನವರ ಕಾದೆತೆ ವಿಭಾಗದಲ್ಲಿ ಎರಡನೆಯ ವರ್ಷ, ಸೆಂಟರ್ ಫಾರ್ವರ್ಡ್ ಆಗಿ ಆಡುತ್ತಾನೆ. ಈ ಸಾಲಿನಲ್ಲಿ ಊರಿನ ಕ್ಲಬ್ಬಿಗೆ 23 ಗೋಲು ಹೊಡೆದಿದ್ದಾನೆ. ಈಗ 40 ಕಿಲೋಮೀಟರ್ ದೂರದ ದೊಡ್ಡ ಕ್ಲಬ್ಬೊಂದು ತನ್ನ ಹುವೆನಿಲ್, ಅಂದರೆ ಮುಂದಿನ ವಯೋಮಾನದ ತಂಡಕ್ಕೆ ಅವನನ್ನು ಕರೆದಿದೆ. ವಾರಕ್ಕೆ ನಾಲ್ಕು ಸಂಜೆ ಅಭ್ಯಾಸ, ವಾರದ ಕೊನೆಗೆ ಪಂದ್ಯ. ಬಾಚಿಯೆರಾತೊ, ಅಂದರೆ ನಮ್ಮ ಪಿಯುಸಿಯಂಥ ತರಗತಿಗಳೂ ಅದೇ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತವೆ, ಅವನು ವಿಜ್ಞಾನವನ್ನು ಆರಿಸಿಕೊಂಡಿದ್ದಾನೆ. ನನ್ನ ಹೆಂಡತಿ ಬೇಡವೆನ್ನುತ್ತಾಳೆ, ಮಗ ಊಟ ಬಿಟ್ಟಿದ್ದಾನೆ, ನಾನು ಅಡಕತ್ತರಿಯಲ್ಲಿ ಸಿಕ್ಕಿದ್ದೇನೆ. ಓದು ಮತ್ತು ಆಟ ಎರಡನ್ನೂ ನಿಭಾಯಿಸಿದವರು ಇದ್ದಾರೆಯೇ? ಮುಂದಿನ ವರ್ಷ ನಮಗೆ ಇಲ್ಲಿ ಹತ್ತು ವರ್ಷ ತುಂಬುತ್ತದೆ. ಆಟದ ದೃಷ್ಟಿಯಿಂದ ಸ್ಪೇನಿನ ಪೌರತ್ವ ಕೇಳುವುದು ಸರಿಯೇ?

ಮಂಡ್ಯ–ಮಾಡ್ರಿಡ್:
ಖಂಡಿತ ಕಳುಹಿಸಿ. ನಾನು ಮೂರು ವರ್ಷ ಇದೇ ಕೆಲಸ ಮಾಡಿದವನು, ಆದ್ದರಿಂದ ಲೆಕ್ಕಸಮೇತ ಹೇಳುತ್ತೇನೆ. ನಮ್ಮ ಮನೆಯಿಂದ ಕ್ಲಬ್ಬಿನ ಮೈದಾನಕ್ಕೆ 31 ಕಿಲೋಮೀಟರ್. ನಾಲ್ಕು ಅಭ್ಯಾಸ, ಒಂದು ಪಂದ್ಯ, ವರ್ಷಕ್ಕೆ 42 ವಾರ; ಮೂರು ವರ್ಷ ಮುಗಿಯುವ ಹೊತ್ತಿಗೆ ಕಾರಿನ ಮೀಟರಿನಲ್ಲಿ 39,000 ಕಿಲೋಮೀಟರ್ ಈ ಒಂದು ದಾರಿಯದ್ದೇ ಆಗಿತ್ತು. ಪೆಟ್ರೋಲಿಗೆ 4,000 ಯೂರೋ. ಬೂಟು 12 ಜೊತೆ, 1,300 ಯೂರೋ. ಕೃತಕ ಹುಲ್ಲಿಗೆ ಬೇರೆ, ನಿಜವಾದ ಹುಲ್ಲಿಗೆ ಬೇರೆ ಬೇಕೆಂಬುದು ತಮಗೆ ತಿಳಿದೇ ಇರುತ್ತದೆ. ತೊಡೆಯ ಹಿಂಭಾಗದ ಸ್ನಾಯು ಎರಡು ಬಾರಿ ಹರಿಯಿತು. ಫೆಡರೇಶನ್ನಿನ ವಿಮೆಯಲ್ಲಿ ಸರದಿ ತಡವಾಗುತ್ತದೆಂದು ಖಾಸಗಿ ಫಿಸಿಯೋಥೆರಪಿಗೆ ಹೋದೆವು, ಒಂದು ಭೇಟಿಗೆ 45 ಯೂರೋ, 38 ಭೇಟಿ. ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಿದ 780 ಯೂರೋವನ್ನೂ ಸೇರಿಸಿದರೆ ಒಟ್ಟು 7,790. ಮೂರನೆಯ ವರ್ಷದ ಮೇ ತಿಂಗಳಲ್ಲಿ ಕ್ಲಬ್ಬು ಮಗನನ್ನು ಕೈಬಿಟ್ಟಿತು. ಕರೆದು ಹೇಳಲಿಲ್ಲ; ಎರಡು ಸಾಲಿನ ಸಂದೇಶ ಬಂತು.

ಆದರೂ ನನಗೆ ಪಶ್ಚಾತ್ತಾಪವಿಲ್ಲ. ಅವನಿಗೀಗ 21, ತೆರ್ಸೆರಾ ಫೆಡರೇಶನ್ನಿನಲ್ಲಿ, ಅಂದರೆ ಐದನೆಯ ಹಂತದಲ್ಲಿ ಆಡುತ್ತಾನೆ, ತಿಂಗಳಿಗೆ 300 ಯೂರೋ, ಹತ್ತು ತಿಂಗಳು. ಬೆಳಗ್ಗೆ ಗೋದಾಮಿನಲ್ಲಿ ಕೆಲಸ. ಫಾರ್ವರ್ಡ್ ಆಟಗಾರನ ಬಾಳು ನಿಧಾನವಾಗಿಯೇ ಮಾಗುತ್ತದೆ ಎಂಬುದಕ್ಕೆ ಸ್ಪೇನಿನ ಫಾರ್ವರ್ಡ್ ಹೊಸೆಲು ಸಾಕ್ಷಿ. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿ, ಗಲಿಸಿಯಾದಲ್ಲಿ ಬೆಳೆದು, ಹಾಫೆನ್‌ಹೈಮ್, ಫ್ರಾಂಕ್‌ಫರ್ಟ್, ಹ್ಯಾನೋವರ್, ಸ್ಟೋಕ್, ಡೆಪೋರ್ತಿವೊ, ನ್ಯೂಕಾಸಲ್ ಎಂದು ಊರೂರು ಅಲೆದ ಅವನನ್ನು ಯಾರೂ ದೊಡ್ಡ ಆಟಗಾರನೆನ್ನಲಿಲ್ಲ. 2022ರಲ್ಲಿ ಅವನಿದ್ದ ಅಲಾವೆಸ್ ಕ್ಲಬ್ಬು ಕೆಳದರ್ಜೆಗೆ ಇಳಿಯಿತು, 2023ರಲ್ಲಿ ಅವನು 16 ಗೋಲು ಹೊಡೆದರೂ ಹೊಸ ಕ್ಲಬ್ಬು ಎಸ್ಪಾನ್ಯೋಲ್ ಇಳಿಯಿತು. ಅದೇ 2023ರ ಮಾರ್ಚ್ 25ರಂದು, 33 ತುಂಬಲು ಎರಡೇ ದಿನ ಉಳಿದಿರುವಾಗ, ನಾರ್ವೆಯ ವಿರುದ್ಧ ಸ್ಪೇನ್ ಪರ ಮೊದಲ ಪಂದ್ಯ ಆಡಿ ಎರಡು ಗೋಲು ಹೊಡೆದ. 2022ರ ಚಾಂಪಿಯನ್ಸ್ ಲೀಗ್ ಫೈನಲನ್ನು ಪ್ಯಾರಿಸ್ಸಿನಲ್ಲಿ ತನ್ನ ಷಡ್ಡಕ, ರಿಯಲ್ ಮಾಡ್ರಿಡ್ಡಿನ ಕಾರ್ವಹಾಲನ ಅಂಗಿ ತೊಟ್ಟು ಪ್ರೇಕ್ಷಕರ ನಡುವೆ ಕುಳಿತು ನೋಡಿದ್ದವನು, 2024ರ ಮೇ 8ರಂದು ರಿಯಲ್ ಮಾಡ್ರಿಡ್ ಪರ ಬದಲಿ ಆಟಗಾರನಾಗಿ ಇಳಿದು ಬಯರ್ನ್ ಮ್ಯೂನಿಕ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಎರಡು ಗೋಲು ಹೊಡೆದು ತಂಡವನ್ನು ಫೈನಲಿಗೆ ಒಯ್ದ. ಹೊಸೆಲುವಿನ ಆ 33ಕ್ಕೆ ನನ್ನ ಮಗನಿಗೆ ಇನ್ನೂ ಹನ್ನೆರಡು ವರ್ಷ ಇದೆ.

ವಲೆನ್ಸಿಯಾದ ತಾಯಿ:
ಮಂಡ್ಯದವರೇ, ಹೊಸೆಲು ಕಥೆಯನ್ನು ತಾವು ಅರ್ಧದಿಂದ ಆರಂಭಿಸಿದ್ದೀರಿ. ತಮ್ಮ ಮಗನ ವಯಸ್ಸಿನಲ್ಲಿ, ಅಂದರೆ 21ರಲ್ಲಿ, ಹೊಸೆಲು ರಿಯಲ್ ಮಾಡ್ರಿಡ್ಡಿನ ಎರಡನೆಯ ತಂಡವಾದ ಕಾಸ್ತಿಯಾದಲ್ಲಿ ಆಡುತ್ತಿದ್ದ. 2011ರ ಮೇ ತಿಂಗಳಲ್ಲಿ ರಿಯಲ್ ಮಾಡ್ರಿಡ್ ಹಿರಿಯರ ತಂಡಕ್ಕೆ ಇಳಿದು ಅಲ್ಮೇರಿಯಾ ವಿರುದ್ಧ ಗೋಲನ್ನೂ ಹೊಡೆದಿದ್ದ. ತಡವಾಗಿ ಮಾಗಿದವನೆಂದು ಹೇಳುವ ಇನ್ನೊಬ್ಬ ಫಾರ್ವರ್ಡ್ ಅದುರಿಸ್ ಕೂಡ 21ಕ್ಕೇ ಅತ್ಲೆತಿಕ್ ಬಿಲ್ಬಾವೋದ ಹಿರಿಯರ ತಂಡದಲ್ಲಿ ಆಡಿದ್ದ. ತಡವಾದದ್ದು ಅವರ ಹೆಸರು, ಅವರ ಆಟವಲ್ಲ.

ನಾನು ನನ್ನ ಮಗನನ್ನು 17ಕ್ಕೆ ಬಿಡಿಸಿದೆ. ಅವನೂ ಫಾರ್ವರ್ಡ್. ಎಡಗಾಲಿನ ಪಾದಗಂಟು ಮೊದಲ ಸಲ ಉಳುಕಿದಾಗ ಆರು ವಾರ ಎಂದರು. ಎರಡನೆಯ ಸಲಕ್ಕೆ ಎಂಆರ್‌ಐ, ಅದಕ್ಕೆ 190 ಯೂರೋ. ಮೂರನೆಯ ಸಲಕ್ಕೆ ಶಸ್ತ್ರಚಿಕಿತ್ಸೆ, ಎರಡು ಸ್ಕ್ರೂ, ಏಳು ತಿಂಗಳು. ಆ ಏಳು ತಿಂಗಳಲ್ಲಿ ತರಬೇತುದಾರರು ಫೋನ್ ಮಾಡಿದ್ದು ಒಂದೇ ಬಾರಿ, ಅದೂ ಅಭ್ಯಾಸದ ಜರ್ಸಿಗಳನ್ನು ಹಿಂದಿರುಗಿಸಲು. ಪಾದಗಂಟು ಎಂದಾಗ ನನಗೆ ನೆನಪಾಗುವುದು ಮಿಚು. ಓವಿಯೆದೊದ ಹುಡುಗ, ರಾಯೊ ವಯೆಕಾನೊ ಪರ ಒಂದು ಸಾಲಿನಲ್ಲಿ 15 ಗೋಲು ಹೊಡೆದು, 2012ರಲ್ಲಿ ಬರೀ 20 ಲಕ್ಷ ಪೌಂಡಿಗೆ ಪ್ರೀಮಿಯರ್ ಲೀಗಿನ ಸ್ವಾನ್ಸಿಗೆ ಹೋಗಿ, ಅಲ್ಲಿ ಮೊದಲ ವರ್ಷವೇ 22 ಗೋಲು ಹೊಡೆದ. ಮರುವರ್ಷ ಸ್ಪೇನ್ ಪರ ಒಂದೇ ಒಂದು ಪಂದ್ಯ ಆಡಿದ. ಆಮೇಲೆ ಆ ಪಾದಗಂಟು ಅವನನ್ನು ಬಿಡಲಿಲ್ಲ. ನಾಪೊಲಿಗೆ ಹೋಗಿ ಬಂದ, ಲಂಗ್ರೆಯೊ ಎಂಬ ಸಣ್ಣ ಕ್ಲಬ್ಬಿನಲ್ಲಿ ಆಡಿದ, ಮತ್ತೆ ಓವಿಯೆದೊಗೆ ಮರಳಿ 2017ರಲ್ಲಿ, 31ಕ್ಕೇ ಬೂಟು ಕಳಚಿದ. ಪ್ರೀಮಿಯರ್ ಲೀಗಿನ ವೈದ್ಯರಿಂದಲೇ ಸರಿಪಡಿಸಲು ಆಗದ ಗಂಟನ್ನು ನನ್ನ ಸರದಿಚೀಟಿಯ ವೈದ್ಯರು ಸರಿಪಡಿಸುತ್ತಾರೆಂದು ನಾನು ಹೇಗೆ ನಂಬಲಿ?

ಮಗನೀಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಭಾನುವಾರ ಬೆಳಗ್ಗೆ ಮನೆಯ ಹಿಂದಿನ ಮೈದಾನದಲ್ಲಿ ಪಂದ್ಯವಿದ್ದರೆ ಕೋಣೆಯ ಕಿಟಕಿ ಮುಚ್ಚಿಕೊಳ್ಳುತ್ತಾನೆ. ಅದನ್ನೂ ಬರೆದಿಡುತ್ತೇನೆ, ಮುಚ್ಚಿಡುವುದಿಲ್ಲ.

ಮಂಡ್ಯ–ಮಾಡ್ರಿಡ್:
ಅಮ್ಮ, ತಾವು ಕಿಟಕಿ ಮುಚ್ಚಿಸಿದ್ದಕ್ಕೆ ಮಿಚುವನ್ನು ಏಕೆ ಎಳೆಯುತ್ತೀರಿ? ಮಿಚು ಆಡಿಯಾದರೂ ನಿಂತ.

ವಲೆನ್ಸಿಯಾದ ತಾಯಿ:
ತಮ್ಮ 7,790ರಲ್ಲಿ ತಮ್ಮ ಮನೆಯವರ ಸಂಬಳ ಎಲ್ಲಿದೆ? ಮಗನನ್ನು ಕರೆದೊಯ್ಯಲು ಅವರು ಅರ್ಧ ದಿನದ ಕೆಲಸಕ್ಕೆ ಇಳಿದರೆಂದು ಹಿಂದೊಮ್ಮೆ ಇಲ್ಲಿಯೇ ಬರೆದಿದ್ದಿರಿ. ಟೈಮಿಂಗ್ ಬೆಲ್ಟಿಗೆ ಲೆಕ್ಕವಿದೆ, ಹೆಂಡತಿಯ ಕೆಲಸಕ್ಕೆ ಲೆಕ್ಕವಿಲ್ಲ.

ಕೆಂಗೇರಿ ಅಪ್ಪ:
ತಾವೆಲ್ಲರೂ ಅಲ್ಲಿ ವಾಸವಿರುವವರು, ಆದ್ದರಿಂದ ಪಾದಗಂಟಿನ ಬಗ್ಗೆ ಜಗಳವಾಡುವ ಅನುಕೂಲ ತಮಗಿದೆ. ನಾನು 2019ರಲ್ಲಿ ಬೆಂಗಳೂರಿನಿಂದ ನನ್ನ 16 ವರ್ಷದ ಮಗನನ್ನು ಸ್ಪೇನಿನ ಕರಾವಳಿಯ ಒಂದು ಖಾಸಗಿ ಅಕಾಡೆಮಿಗೆ ಕಳುಹಿಸಿದೆ. ಹತ್ತು ತಿಂಗಳಿಗೆ 24,000 ಯೂರೋ, ಆಗಿನ ದರದಲ್ಲಿ ಸುಮಾರು 19 ಲಕ್ಷ ರೂಪಾಯಿ. ವೀಸಾ, ವಿಮಾನ, ವಿಮೆ ಸೇರಿ ಇನ್ನೂ 3 ಲಕ್ಷ 40 ಸಾವಿರ. ಕೆಂಗೇರಿಯ 30x40 ಸೈಟನ್ನು ಮಾರಿದೆ. ಇಂದು ಅದರ ಬೆಲೆ ಕೇಳುವ ಧೈರ್ಯ ನನಗಿಲ್ಲ. ಅಲ್ಲಿ ಇಳಿದ ಮೇಲೆ ತಿಳಿದದ್ದೇನೆಂದರೆ, ಫಿಫಾ ನಿಯಮಾವಳಿಯ 19ನೆಯ ವಿಧಿಯ ಪ್ರಕಾರ 18 ತುಂಬದ ವಿದೇಶಿ ಹುಡುಗನನ್ನು ಕ್ಲಬ್ಬು ನೋಂದಾಯಿಸುವಂತಿಲ್ಲ. ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಕೆಲವು ವಿನಾಯಿತಿಗಳಿಗೆ ಸೇರಿರಬೇಕು, ಅವು ಯಾವುವೂ ನಮಗೆ ಅನ್ವಯಿಸುತ್ತಿರಲಿಲ್ಲ. ಈ ವಿಷಯದಲ್ಲಿ ಬಾರ್ಸಿಲೋನಾದಂಥ ಬಾರ್ಸಿಲೋನಾಕ್ಕೇ 2014ರಲ್ಲಿ ನಿಷೇಧ ಬಿದ್ದಿತ್ತು, 2016ರಲ್ಲಿ ಮಾಡ್ರಿಡ್ಡಿನ ಎರಡು ದೊಡ್ಡ ಕ್ಲಬ್ಬುಗಳಿಗೂ ಬಿತ್ತು. ನನಗೆ ಮಾತ್ರ ಯಾರೂ ಹೇಳಲಿಲ್ಲ. ಹತ್ತು ತಿಂಗಳು ಮಗ ಸ್ನೇಹಪರ ಪಂದ್ಯಗಳನ್ನು ಮಾತ್ರ ಆಡಿದ. ಅವನ 14 ಗೋಲುಗಳು ಯಾವ ದಾಖಲೆಯಲ್ಲಿಯೂ ಇಲ್ಲ. ಹಿಂದಿರುಗಿ ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿದ. 19 ಲಕ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಹಾಸನದವರ ಪೌರತ್ವದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಾದ್ದರಿಂದ ಹೇಳುತ್ತೇನೆ: ಸ್ಪೇನಿನ ಪಾಸ್‌ಪೋರ್ಟ್ ಪಡೆದರೆ ಭಾರತದ ಪೌರತ್ವ ಹೋಗುತ್ತದೆ, ಭಾರತದ ಪಾಸ್‌ಪೋರ್ಟ್ ಇಲ್ಲದವನು ಭಾರತ ತಂಡಕ್ಕೆ ಆಡುವಂತಿಲ್ಲ. ಇನ್ಯಾಕಿ ವಿಲಿಯಮ್ಸ್ 2016ರಲ್ಲಿ ಸ್ಪೇನ್ ಪರ ಸ್ನೇಹಪರ ಪಂದ್ಯ ಆಡಿ, 2022ರಲ್ಲಿ ತಂದೆತಾಯಿಯ ಘಾನಾಕ್ಕೆ ಆಡಿದಂತೆ ನಮ್ಮ ಮಕ್ಕಳು ದಾರಿ ಬದಲಿಸಲಾಗದು. ಆದರೆ ಸ್ಪೇನಿನ ಪಾಸ್‌ಪೋರ್ಟ್ ಇಲ್ಲದಿದ್ದರೆ ಮೇಲಿನ ಲೀಗುಗಳಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗಿರುವ ಮಿತಿಯೊಳಗೆ ಸ್ಥಾನ ಹುಡುಕಬೇಕು. ಆ ಸ್ಥಾನವನ್ನು ಹಾಸನದ ಹುಡುಗನಿಗೆ ಕೊಡಲು ಕ್ಲಬ್ಬಿಗೆ ಹುಚ್ಚು ಹಿಡಿದಿರಬೇಕು.

ಗೌತಮಪುರದ ಹಳಬ:
ಕೆಂಗೇರಿಯವರೇ, 19 ಲಕ್ಷ ಕೊಟ್ಟು ಸ್ಪೇನಿಗೆ ಹೋಗುವ ಬದಲು, ಸ್ಪೇನಿನ ಫಾರ್ವರ್ಡ್ ಇಲ್ಲಿಗೇ ಬಂದಿದ್ದಾಗ ಮಗನನ್ನು ಗೋವಾಕ್ಕೆ ಕರೆದೊಯ್ದು ಟಿಕೆಟ್ ಕೊಡಿಸಬಹುದಿತ್ತು. ಕೊರೊ, ಅಂದರೆ ಫೆರಾನ್ ಕೊರೊಮಿನಾಸ್, 2017ರಲ್ಲಿ ಎಫ್‌ಸಿ ಗೋವಾ ತಂಡಕ್ಕೆ ಬಂದಾಗ ಅವನಿಗೆ 34. ಮೊದಲ ಸಾಲಿನಲ್ಲಿ 18, ಎರಡನೆಯದರಲ್ಲಿ 16, ಮೂರನೆಯದರಲ್ಲಿ 14. 57 ಪಂದ್ಯಗಳಲ್ಲಿ 48 ಗೋಲು. ಹುಣಿಸೆ ಮುಪ್ಪಾದರೂ ಹುಳಿ ಮುಪ್ಪೇ? ಹಾಸನದವರು ಇರುವ ಕೊರ್ನೆಯಾದಲ್ಲಿಯೇ ಇಂದು ಎಸ್ಪಾನ್ಯೋಲ್ ಕ್ರೀಡಾಂಗಣವಿದೆ. ಅಲ್ಲಿ ಯಾವ ಹಿರಿಯರನ್ನಾದರೂ 2006ರ ಮೇ 13ರ ಬಗ್ಗೆ ಕೇಳಿ. ಆಗ ಆಟ ಮೋಂಟ್‌ಜುಯಿಕ್‌ನಲ್ಲಿ ನಡೆಯುತ್ತಿತ್ತು. ಸಾಲಿನ ಕೊನೆಯ ದಿನ, ಹೆಚ್ಚುವರಿ ನಿಮಿಷಗಳಲ್ಲಿ ರಿಯಲ್ ಸೊಸಿಯೆದಾದ್ ವಿರುದ್ಧ ಕೊರೊ ಹೊಡೆದ ಒಂದು ಗೋಲಿನಿಂದ ಎಸ್ಪಾನ್ಯೋಲ್ ಮೊದಲ ದರ್ಜೆಯಲ್ಲಿ ಉಳಿಯಿತು, ಅಲಾವೆಸ್ ಇಳಿಯಿತು. ಅದೇ ವರ್ಷ ಸ್ಪೇನಿನ ಕಪ್ ಪಂದ್ಯಾವಳಿ ಕೋಪಾ ದೆಲ್ ರೇ ಫೈನಲಿನಲ್ಲಿಯೂ ಗೋಲು ಹೊಡೆದಿದ್ದ. ಆದರೂ ಅವನು ಸ್ಪೇನ್ ಹಿರಿಯರ ತಂಡಕ್ಕೆ ಎಂದೂ ಆಡಲಿಲ್ಲ. ಫಾರ್ವರ್ಡ್ ಎಂದರೆ ಇಂಥವನು.

ಮಂಡ್ಯ–ಮಾಡ್ರಿಡ್:
ಗೌರವಪೂರ್ವಕವಾಗಿಯೇ ಹೇಳುತ್ತೇನೆ, ಇಂಡಿಯನ್ ಸೂಪರ್ ಲೀಗಿನ 48 ಗೋಲನ್ನು ಸ್ಪೇನಿನ ಗೋಲಿನ ಪಕ್ಕದಲ್ಲಿ ತೂಗಬೇಡಿ. ಅವನು ಇಲ್ಲಿಂದ ಸೈಪ್ರಸ್ಸಿಗೆ ಹೋಗಿ, ಅಲ್ಲಿಂದ ಗೋವಾಕ್ಕೆ ಬಂದವನು.

ಗೌತಮಪುರದ ಹಳಬ:
ತೂಗಬೇಡಿ ಎನ್ನುವವರ ಮಗ ಐದನೆಯ ಹಂತದಲ್ಲಿದ್ದಾನೆ. ಅಂಥ ಕೊರೊವನ್ನು 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಅದೇ ಲೀಗಿನ ಫೈನಲಿನಲ್ಲಿ ನಮ್ಮ ಬೆಂಗಳೂರು ಹುಡುಗರು 120 ನಿಮಿಷ ಕಟ್ಟಿಹಾಕಿದರು. ದಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರಿಗೆ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಕೊಟ್ಟು ಗೆಲುವಿನ ಗೋಲು ಹೊಡೆದದ್ದನ್ನು ನಾನು ಟಿವಿಯ ಮುಂದೆ ನಿಂತೇ ನೋಡಿದೆ. ಫಾರ್ವರ್ಡನ ಬೆಲೆ ತಿಳಿಯಬೇಕಾದರೆ ಅವನನ್ನು ತಡೆದವರನ್ನು ಕೇಳಬೇಕು, ಅಪ್ಪಂದಿರನ್ನಲ್ಲ.

ವಲೆನ್ಸಿಯಾದ ತಾಯಿ:
ಹುಡುಗರ ವಯಸ್ಸನ್ನು ಹೀಯಾಳಿಸಬೇಡಿ. ನಾನು ಮಂಡ್ಯದವರೊಡನೆ ಜಗಳವಾಡಬಹುದು, ಆದರೆ ಐದನೆಯ ಹಂತ ಎಂದು ನಗುವಂಥದ್ದು ಅದರಲ್ಲಿ ಏನಿದೆ? ಮುದುಕ ಹುಣಿಸೆಯ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ: ಅದುರಿಸ್ 35ಕ್ಕೆ ಒಂದೇ ಪಂದ್ಯದಲ್ಲಿ ಗೆಂಕ್ ವಿರುದ್ಧ ಐದು ಗೋಲು ಹೊಡೆದ, 38ಕ್ಕೆ ಬಾರ್ಸಿಲೋನಾ ವಿರುದ್ಧ ಗಾಳಿಯಲ್ಲಿ ಮಲಗಿ ಹೊಡೆದ. 2020ರ ಮೇ ತಿಂಗಳಲ್ಲಿ ವೈದ್ಯರು ಸೊಂಟದ ಕೀಲನ್ನೇ ಬದಲಿಸಬೇಕೆಂದ ಮರುದಿನ ವಿದಾಯ ಹೇಳಿದ. ಕಾಯುತ್ತಿದ್ದ ಕೋಪಾ ಫೈನಲನ್ನೂ ಆಡಲಾಗಲಿಲ್ಲ. ಅವನ ಗೋಲು ಎಣಿಸುವವರು ಆ ಕೀಲನ್ನೂ ಎಣಿಸಲಿ.

ಕೊರ್ನೆಯಾ ನಿವಾಸಿ:
ಎಲ್ಲರಿಗೂ ಕೃತಜ್ಞತೆಗಳು. ಪಾಸ್‌ಪೋರ್ಟ್ ವಿಷಯ ನನಗೆ ಸ್ಪಷ್ಟವಾಯಿತು, ಉಳಿದದ್ದು ಮೊದಲಿಗಿಂತ ಗೊಂದಲವಾಯಿತು. ಬಾಚಿಯೆರಾತೊವನ್ನು ಎರಡರ ಬದಲು ಮೂರು ವರ್ಷಗಳಲ್ಲಿ ಮುಗಿಸಲು ಅವಕಾಶವಿದೆಯೆಂದು ಶಾಲೆಯವರು ಹೇಳುತ್ತಾರೆ, ಯಾರಾದರೂ ಹಾಗೆ ಮಾಡಿದ್ದೀರಾ? ಹೆಂಡತಿ ಇದನ್ನೆಲ್ಲ ಓದಿ, ಮಂಡ್ಯದವರ ಮನೆಯಾಕೆ ಏನು ಹೇಳುತ್ತಾರೆಂದು ಕೇಳುತ್ತಿದ್ದಾಳೆ.

ಮಂಡ್ಯ–ಮಾಡ್ರಿಡ್:
ನನ್ನ ಮಗ ಬಾಚಿಯೆರಾತೊವನ್ನು ಮೊದಲ ವರ್ಷಕ್ಕೇ ಬಿಟ್ಟ, ಆದ್ದರಿಂದ ಆ ಪ್ರಶ್ನೆಗೆ ನಾನು ಉತ್ತರಿಸಲಾರೆ. ಮನೆಯವಳನ್ನು ಕೇಳಿದೆ. ಅರ್ಧ ದಿನದ ಕೆಲಸ 14 ತಿಂಗಳು, ತಿಂಗಳಿಗೆ 520 ಯೂರೋ ಕಡಿಮೆ, 7,280 ಎಂದು ಕಾಗದದಲ್ಲಿ ಬರೆದುಕೊಟ್ಟಳು. ಅವಳ ಬಳಿ ಆ ಲೆಕ್ಕ ಮೊದಲೇ ಇತ್ತು. ಹಾಗಾಗಿ ಒಟ್ಟು 15,070. ಮೇಲೆ ಬರೆದ ಮೊತ್ತವನ್ನು ತಿದ್ದಿಕೊಳ್ಳಿ. ಭಾನುವಾರ ಹನ್ನೊಂದೂವರೆಗೆ ಪಂದ್ಯವಿದೆ, ಇಬ್ಬರೂ ಹೋಗುತ್ತಿದ್ದೇವೆ. ಮಗ ಬದಲಿ ಆಟಗಾರರ ಪಟ್ಟಿಯಲ್ಲಿದ್ದಾನೆ.