ಬೇಸ್‌ಮೆಂಟಲ್ಲಿ ಮುಳುಗಿದ ಕಾರು, ಎಂಜಿನ್ನಿಗೆ ದುಡ್ಡು ಕೊಡಲ್ಲ ಅಂತಾರೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ರಾತ್ರಿ ಮಳೆನೀರು ನುಗ್ಗಿ ಕಾರು ಬಾನೆಟ್‌ವರೆಗೆ ಮುಳುಗಿತ್ತು. ಕಾಂಪ್ರಹೆನ್ಸಿವ್ ಪಾಲಿಸಿ ಇದೆ, ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ (ಹೆಚ್ಚುವರಿ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ) ತಗೊಂಡಿಲ್ಲ. ಕಾರಿಗೆ ಮೂರು ವರ್ಷ ದಾಟಿದೆ. "ಎಂಜಿನ್ ಕೆಲಸಕ್ಕೆ ಏನೂ ಬರಲ್ಲ, ಸೀಟು, ಕಾರ್ಪೆಟ್ ಕ್ಲೀನಿಂಗಿಗೆ ಮಾತ್ರ ಕೊಡ್ತೀವಿ" ಎಂದು ಇನ್ಶೂರೆನ್ಸ್‌ನವರು ಫೋನಿನಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?

ತುಮಕೂರಿನಿಂದ: ನಾನು ಗ್ಯಾರೇಜಿನವನು. ಒಂದೇ ಪ್ರಶ್ನೆ ಸರ್, ನೀರಲ್ಲಿದ್ದಾಗ ಅಥವಾ ನೀರು ಇಳಿದ ಮೇಲೆ ಯಾರಾದರೂ ಸ್ಟಾರ್ಟ್ ಮಾಡಿದರಾ? ಸುಮ್ನೆ ನಿಂತ ಕಾರಿನ ಎಂಜಿನ್ನಿಗೆ ನೀರು ಹೋದರೆ ಸಾಮಾನ್ಯವಾಗಿ ಬಿಚ್ಚಿ, ತೊಳೆದು, ಆಯಿಲ್ ಬದಲಾಯಿಸಿ ಉಳಿಸಿಕೊಳ್ಳಬಹುದು. ಸೆಲ್ಫ್ ಹೊಡೆದರೆ ಕಥೆ ಬೇರೆ. ಸಿಲಿಂಡರಿನಲ್ಲಿರುವ ನೀರನ್ನು ಪಿಸ್ಟನ್ ಒತ್ತಲು ಹೋಗುತ್ತದೆ, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದಕ್ಕೇ ಹೈಡ್ರೋಸ್ಟ್ಯಾಟಿಕ್ ಲಾಕ್ ಅನ್ನುವುದು. ಆಗ ಕಂಪನಿಯವರು "ರಾಡ್ ಬಗ್ಗಿಸಿದ್ದು ಪ್ರವಾಹ ಅಲ್ಲ, ನೀವು" ಎಂದು ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ಎಂಜಿನ್ ಬಿಚ್ಚುವಾಗ ನೀವೇ ಹೋಗಿ ನಿಂತುಕೊಳ್ಳಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಕೆಸರಿನ ಗೆರೆ ಎಲ್ಲಿವರೆಗೆ ಇದೆ, ರಾಡ್‌ಗಳು ನೆಟ್ಟಗಿವೆಯಾ, ಎಲ್ಲದರ ಫೋಟೋ ತೆಗೆಯಿರಿ. ಸರ್ವೇಯರ್ (ಹಾನಿ ಅಂದಾಜು ಮಾಡಲು ಕಂಪನಿ ನೇಮಿಸುವವರು) ಬರುವ ಮುಂಚೆ ಮಾತ್ರ ಒಂದು ನಟ್ಟೂ ಬಿಚ್ಚಿಸಬೇಡಿ.

ಮೈಸೂರಿನಿಂದ: ನಮಗೂ ಇದೇ ಆಗಿತ್ತು, ಕೊನೆಗೆ ದುಡ್ಡು ಬಂತು. ಮೇಲಿನವರು ಹೇಳಿದ್ದು ಸರಿ. ಪ್ರವಾಹ ಕಾಂಪ್ರಹೆನ್ಸಿವ್ ಪಾಲಿಸಿಯ ಮೂಲ ಪಟ್ಟಿಯಲ್ಲೇ ಇದೆ. ಆಡ್-ಆನ್ ಇಲ್ಲ ಎಂಬ ಒಂದೇ ಕಾರಣಕ್ಕೆ ಎಂಜಿನ್ನಿನ ಎಲ್ಲ ಕೆಲಸವನ್ನೂ ಹೊರಗಿಡಲು ಆಗುವುದಿಲ್ಲ. ನೀರಿನಿಂದ ನೇರವಾಗಿ ಆದ ಹಾನಿ ಬೇರೆ, ಅದರ ಪರಿಣಾಮವಾಗಿ ಆಮೇಲೆ ಆದ ಹಾನಿ ಬೇರೆ. ಕಂಪನಿಯವರು ಹಿಡಿದುಕೊಂಡಿರುವುದು ಎರಡನೆಯದನ್ನು.

ನನ್ನ ಅನುಭವದಲ್ಲಿ ಕಸ್ಟಮರ್ ಕೇರಿಗೆ ಫೋನ್ ಮಾಡುವುದು ಶುದ್ಧ ದಂಡ. ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿಂದ ಕಥೆ. ಇಮೇಲ್ ಹಾಕಿ, ಸಬ್ಜೆಕ್ಟಿನಲ್ಲಿ ಕ್ಲೇಮ್ ನಂಬರ್ ಇರಲಿ. ಎರಡೇ ವಿಷಯ ಕೇಳಿ: ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕೊಡುತ್ತಿಲ್ಲ? ಸರ್ವೇಯರ್ ವರದಿಯ ಪ್ರತಿ ಎಲ್ಲಿ? ವರದಿ ಕೇಳುವ ಹಕ್ಕು ನಿಮಗಿದೆ. ನಮ್ಮ ಕೇಸಿನಲ್ಲಿ ಸರ್ವೇಯರ್ "ನೀರು ಎಂಜಿನ್ ಒಳಗೆ ಹೋಗಿದೆ" ಎಂದಷ್ಟೇ ಬರೆದಿದ್ದರು. ಸ್ಟಾರ್ಟ್ ಮಾಡಿದ್ದಾರೆ ಎಂದು ಎಲ್ಲೂ ಇರಲಿಲ್ಲ. ಅದು ಆಫೀಸಿನವರು ಸೇರಿಸಿಕೊಂಡ ಊಹೆ. ಆ ಸಾಲನ್ನೇ ಎತ್ತಿ ಕಂಪನಿಯಲ್ಲೇ ದೂರು ನೋಡುವ ಗ್ರೀವೆನ್ಸ್ ಆಫೀಸರಿಗೆ ಕಳಿಸಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಗಡುವುಗಳನ್ನೂ ನೆನಪಿಸಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ಜೂನ್ ಸುತ್ತೋಲೆಯ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, 15 ದಿನದಲ್ಲಿ ಅವರ ವರದಿ ಬರಬೇಕು, ವರದಿ ಸಿಕ್ಕ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು.

ದಾವಣಗೆರೆಯಿಂದ: ಪೂರ್ತಿ ಬಿಲ್ ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಝೀರೋ ಡೆಪ್ (ಬಿಡಿಭಾಗ ಹಳೆಯದಾಯಿತೆಂದು ಹಣ ಕಡಿತ ಮಾಡದ ಆಡ್-ಆನ್) ಇಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೆ ಅರ್ಧ ಕಡಿತ. ಮೂರರಿಂದ ನಾಲ್ಕು ವರ್ಷದ ಕಾರಿನ ಲೋಹದ ಬಿಡಿಭಾಗಕ್ಕೆ 25% ಹೋಗುತ್ತದೆ. ಗಾಜಿಗೆ ಕಡಿತ ಇಲ್ಲ. ಇದು ಮೋಸ ಅಲ್ಲ, ಪಾಲಿಸಿಯಲ್ಲೇ ಇರುವುದು. ಇದರ ಮೇಲೆ ಜಗಳ ಆಡಿ ನಿಜವಾದ ವಿಷಯ ಕೈಬಿಡಬೇಡಿ. ರಿಪೇರಿ ಅಂದಾಜು ಐಡಿವಿಯ (ಪಾಲಿಸಿಯಲ್ಲಿ ಕಾರಿಗೆ ನಮೂದಿಸಿದ ಬೆಲೆ) 75% ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತು ಎಂಬ ಲೆಕ್ಕಕ್ಕೆ ಬರುತ್ತದೆ, ಅದನ್ನೂ ನೋಡಿ.

ಬೆಂಗಳೂರಿನಿಂದ: ಗ್ರೀವೆನ್ಸ್ ಆಫೀಸರಿಗೆ ಬರೆದು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳಿಗೆ ತೀರ್ಪು ಕೊಡುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಕರ್ನಾಟಕದ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಆನ್‌ಲೈನಲ್ಲೂ ದೂರು ಕೊಡಬಹುದು. ಫೀಸ್ ಇಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ನಮ್ಮ ಮನೆಯವರ ಕೇಸಿಗೆ ನಾನೂ ಜೊತೆಗೆ ಹೋಗಿದ್ದೆ. ಒಂದು ಮೇಜು, ಆಚೆ ಕಂಪನಿಯ ಪ್ರತಿನಿಧಿ ದಪ್ಪ ಫೈಲ್ ಇಟ್ಟುಕೊಂಡು ಕೂತಿದ್ದರು. ಕೇಳಿದ ಮೊದಲ ಪ್ರಶ್ನೆಗೇ ಆ ಫೈಲಿನಲ್ಲಿ ಕಾಗದ ಸಿಗಲಿಲ್ಲ! ಕಂಪನಿ ಕ್ಲೇಮ್ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ತೀರ್ಪನ್ನು ಕಂಪನಿ 30 ದಿನದಲ್ಲಿ ಜಾರಿ ಮಾಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೇ ಕೊಡಬೇಕು.

ಗ್ರಾಹಕರ ಆಯೋಗಕ್ಕೂ ಹೋಗಬಹುದು, ಎರಡು ವರ್ಷ ಟೈಮ್ ಇದೆ. ಆದರೆ ಅಲ್ಲಿ ಕೇಸ್ ಹಾಕಿದರೆ ಓಂಬುಡ್ಸ್‌ಮನ್ ನಿಮ್ಮ ದೂರು ತಗೊಳ್ಳುವುದಿಲ್ಲ. ನಾನಾಗಿದ್ದರೆ ಮೊದಲು ಓಂಬುಡ್ಸ್‌ಮನ್.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಕಾರನ್ನು ಯಾರೂ ಸ್ಟಾರ್ಟ್ ಮಾಡಿಲ್ಲ, ನೀರು ಇಳಿದ ತಕ್ಷಣ ಟೋ ಮಾಡಿಸಿದೆವು. ಬಿಲ್ ಇದೆ. ಬೇಸ್‌ಮೆಂಟಲ್ಲಿ ಕ್ಯಾಮೆರಾನೂ ಇದೆ. ಅದು ಉಪಯೋಗಕ್ಕೆ ಬರುತ್ತಾ?

ತುಮಕೂರಿನಿಂದ: ಬರುತ್ತಾ ಅಂತ ಕೇಳ್ತೀರಲ್ಲ ಸರ್! ನೀರು ಏರುವಾಗ ಕಾರು ಪಾರ್ಕ್ ಆಗೇ ಇತ್ತು, ಆಮೇಲೆ ಯಾರೂ ಒಳಗೆ ಕೂತಿಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಕ್ಯಾಮೆರಾ ಹಳೆಯದರ ಮೇಲೇ ಹೊಸದನ್ನು ರೆಕಾರ್ಡ್ ಮಾಡುತ್ತದೆ. ಇವತ್ತೇ ಅಸೋಸಿಯೇಷನ್‌ನವರನ್ನು ಹಿಡಿದು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ.