ಸಲೈನೋ, ಜೆಲ್ಲೋ: ಅತ್ತಿಗೆಗೆ ಯಾವ ಸ್ತನ ಇಂಪ್ಲಾಂಟ್ ಕ್ಷೇಮ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಮ್ಮ ಅತ್ತಿಗೆಗೆ 42 ವರ್ಷ. ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಇರುವುದು ಖಚಿತವಾಗಿದ್ದು, ಇಡೀ ಸ್ತನವನ್ನು ತೆಗೆಯಬೇಕೆಂದು ವೈದ್ಯರು ತೀರ್ಮಾನಿಸಿದ್ದಾರೆ. ಅದೇ ವೇಳೆಗೆ ಆ ಜಾಗದಲ್ಲಿ ಇಂಪ್ಲಾಂಟ್, ಅಂದರೆ ಸ್ತನದ ಆಕಾರದ ಕೃತಕ ಚೀಲ, ಇಡಬಹುದು, ಯಾವುದೆಂದು ಮನೆಯಲ್ಲಿ ಯೋಚಿಸಿ ಬನ್ನಿ ಎಂದಿದ್ದಾರೆ. ಸಿಲಿಕಾನ್ ಜೆಲ್ಲಿನದು ಒಡೆದರೆ ಮೈಗೆಲ್ಲ ವಿಷವಾಗುತ್ತದೆ, ಸಲೈನ್‌ನದನ್ನೇ ಹಾಕಿಸಿ ಎಂಬುದು ನಮ್ಮ ದೊಡ್ಡಮ್ಮನವರ ಹಟ. ಮುಂದೆ ರೇಡಿಯೇಷನ್ ಬೇಕಾಗಬಹುದು ಎಂಬ ಮಾತೂ ಇದೆ. ಹಾಕಿಸಿಕೊಂಡವರು ದಯವಿಟ್ಟು ತಿಳಿಸಿ.

ಉತ್ತರ (ಮಂಡ್ಯ)

ತಂಗಿ, 2017ರಲ್ಲಿ ನನ್ನ ಬಲಸ್ತನ ತೆಗೆದು ಜೆಲ್ ಇಂಪ್ಲಾಂಟ್ ಇಟ್ಟರು. ಆಗ ನಾನು ಕೇಳಿದ್ದೂ ಒಳಗೆ ಏನು ತುಂಬಿದೆ ಎಂಬುದೊಂದನ್ನೇ. ಅದರ ಹೊರಮೈ ಹೇಗಿದೆ ಎಂದು ಕೇಳಬೇಕೆಂಬುದು ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಮೊದಲು ನಿಮ್ಮ ದೊಡ್ಡಮ್ಮನವರ ಮಾತು. ಸಲೈನ್ ಇಂಪ್ಲಾಂಟಿನಲ್ಲಿ ಇರುವುದು ಡ್ರಿಪ್ಪಿನಲ್ಲಿ ಇಳಿಸುವಂಥ ಉಪ್ಪುನೀರೇ ಆದರೂ, ಅದನ್ನು ತುಂಬಿರುವ ಚೀಲ ಸಿಲಿಕಾನಿನದೇ ಆದ್ದರಿಂದ ಸಿಲಿಕಾನ್ ಬೇಡ ಎನ್ನುವವರಿಗೆ ಅದೂ ಪೂರ್ತಿ ದಾರಿಯಲ್ಲ. ಅದು ಸೋರಿದರೆ ನೀರನ್ನು ದೇಹ ಹೀರಿಕೊಂಡು, ಕೆಲವೇ ದಿನಗಳಲ್ಲಿ ಎದೆ ಇಳಿದು ಕಣ್ಣಿಗೇ ಕಾಣುತ್ತದೆ. ಜೆಲ್ ಹಾಗಲ್ಲ. ಈಗಿನ ಗಟ್ಟಿ ಜೆಲ್ ಚೀಲ ಸೀಳಿದರೂ ಬಹುಪಾಲು ಅಲ್ಲೇ ಉಳಿಯುವುದರಿಂದ (ಕೆಲವೊಮ್ಮೆ ಕಂಕುಳಿನ ಗ್ರಂಥಿಗಳಿಗೆ ಸೇರುವುದೂ ಉಂಟು) ಸೀಳಿದ್ದು ಎಷ್ಟೋ ಸಲ ಹೊರಗೆ ತಿಳಿಯುವುದೇ ಇಲ್ಲ. ಅದಕ್ಕಾಗಿಯೇ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಜೆಲ್ ಹಾಕಿಸಿಕೊಂಡವರು ನೋವಿಲ್ಲದಿದ್ದರೂ ಐದಾರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಮಾಡಿಸಬೇಕೆಂದು ಹೇಳುತ್ತದೆ. ವಿಷದ ಮಾತು ಎಲ್ಲಿಂದ ಬಂತೆಂದರೆ, 1992ರಲ್ಲಿ ಅಲ್ಲಿ ಅಂದಕ್ಕಾಗಿ ಜೆಲ್ ಇಡುವುದನ್ನು ನಿಲ್ಲಿಸಿ, 2006ರಲ್ಲಷ್ಟೇ ಮತ್ತೆ ಒಪ್ಪಿಗೆ ಕೊಟ್ಟರು. ಈ ನಡುವೆ, 1999ರಲ್ಲಿ, ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯ ತಜ್ಞರು ಪರಿಶೀಲಿಸಿ, ಮೈಗೆಲ್ಲ ಹರಡುವ ಕಾಯಿಲೆಗೆ ಜೆಲ್ಲೇ ಕಾರಣ ಎನ್ನಲು ಆಧಾರ ಕಾಣಲಿಲ್ಲ, ಸೀಳುವುದು, ಬಿಗಿಯುವುದು, ಸೋಂಕು ತಗಲುವುದು ಇವೇ ನಿಜವಾದ ತೊಂದರೆಗಳು ಎಂದರು.

ಈಗ ಹೊರಮೈ. ಇಂಪ್ಲಾಂಟುಗಳಲ್ಲಿ ನುಣುಪು ಮೈಯವೂ ಇವೆ, ಸ್ಥಳ ಬಿಟ್ಟು ತಿರುಗದಿರಲೆಂದು ತರಿತರಿಯಾಗಿ ಮಾಡಿದವೂ ಇವೆ. ಇಂಪ್ಲಾಂಟಿನ ಸುತ್ತ ಬೆಳೆಯುವ ಪೊರೆಯಲ್ಲಿ ಹುಟ್ಟುವ ಅಪರೂಪದ ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಒಂದನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು; ಅದು ಹೆಚ್ಚಾಗಿ ಕಂಡದ್ದು ತರಿಮೈಯವುಗಳಲ್ಲಿ. 2019ರ ಜುಲೈನಲ್ಲಿ ಅಲರ್‌ಗನ್ ಕಂಪನಿ ತನ್ನ ಬಯೋಸೆಲ್ ತರಿಮೈ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ತೆಗೆದುಕೊಂಡಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ನನ್ನೊಳಗೆ ಇರುವುದು ಯಾರದು, ಯಾವ ಮೈಯದು ಎಂಬುದೇ ನನಗೆ ತಿಳಿದಿರಲಿಲ್ಲ. ಡಿಸ್ಚಾರ್ಜ್ ಮಾಡುವಾಗ ಆಸ್ಪತ್ರೆಯವರು ಇಂಪ್ಲಾಂಟಿನ ವಿವರವಿರುವ ಕಾರ್ಡೇ ಕೊಟ್ಟಿರಲಿಲ್ಲ. ರೆಕಾರ್ಡ್ ರೂಮಿಗೆ ಮೂರು ಸಲ ಅಲೆದ ಮೇಲೆ, ಆಪರೇಷನ್ ಟಿಪ್ಪಣಿಯ ಹಾಳೆಯ ಮೂಲೆಯಲ್ಲಿ ಅರ್ಧ ಎದ್ದುಬಂದಿದ್ದ ಸ್ಟಿಕ್ಕರ್ ಸಿಕ್ಕಿತು. ತರಿಮೈಯದೇ, ಆದರೆ ಬೇರೆ ಕಂಪನಿಯದು. ಊತವಾಗಲಿ ನೋವಾಗಲಿ ಇಲ್ಲದವರು ಭಯಕ್ಕಾಗಿ ತೆಗೆಸಬೇಕಾಗಿಲ್ಲ ಎಂದು ವೈದ್ಯರು ಹೇಳಿದರು. ಎಫ್‌ಡಿಎ ಸಲಹೆಯೂ ಅದೇ. ಎಷ್ಟೋ ವರ್ಷದ ಮೇಲೆ ಒಂದು ಬದಿ ಇದ್ದಕ್ಕಿದ್ದಂತೆ ಊದಿಕೊಂಡರೆ ಮಾತ್ರ ತಡಮಾಡದೆ ತೋರಿಸಬೇಕು, ಒಳಗೆ ತುಂಬಿಕೊಂಡ ನೀರನ್ನು ಪರೀಕ್ಷೆಗೆ ಕಳಿಸಬೇಕು. ಬೇಗ ಸಿಕ್ಕರೆ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆದರೆ ಬಹುಪಾಲು ಮಂದಿಗೆ ಅಷ್ಟೇ ಸಾಕಾಗುತ್ತದೆ. ಇಂದು ನಾನೇ ಆರಿಸುವುದಾದರೆ ನುಣುಪು ಮೈಯದನ್ನು ಆರಿಸುತ್ತೇನೆ.

ಉತ್ತರ (ಸರಸ್ವತಿಪುರಂ, ಮೈಸೂರು)

ಮಂಡ್ಯದ ಅಕ್ಕನವರ ಮಾತನ್ನು ಒಪ್ಪುತ್ತೇನೆ. ಆದರೆ ನನ್ನದು ನುಣುಪು ಮೈಯದೇ ಆಗಿದ್ದೂ ಕೆಟ್ಟಿತು. ಕಾರಣ ರೇಡಿಯೇಷನ್. ಇಪ್ಪತ್ತೈದು ದಿನ ಕೊಟ್ಟರು. ಏಳೆಂಟು ತಿಂಗಳಲ್ಲಿ ಸುತ್ತಲಿನ ಪೊರೆ ಬಿಗಿಯುತ್ತ ಬಂದು, ಎದೆ ತೆಂಗಿನ ಚಿಪ್ಪು ಕವುಚಿಟ್ಟಂತೆ ಗಟ್ಟಿಯಾಗಿ ಮೇಲಕ್ಕೆ ಸರಿಯಿತು. ಮೊಮ್ಮಗಳು ಓಡಿ ಬಂದು ತಬ್ಬಿದರೆ ಕೈ ಅಡ್ಡ ಹಿಡಿಯುವಂತಾಯಿತು. ಇದಕ್ಕೆ ಒಂದರಿಂದ ನಾಲ್ಕರವರೆಗೆ ಹಂತಗಳಿವೆ, ನನ್ನದು ನಾಲ್ಕನೆಯದು.

ಅದನ್ನು ತೆಗೆಸಿ, ಹೊಟ್ಟೆಯ ಚರ್ಮವನ್ನೂ ಕೊಬ್ಬನ್ನೂ ರಕ್ತನಾಳದ ಸಮೇತ ತಂದು ಜೋಡಿಸುವ ಡೈಪ್ ಫ್ಲಾಪ್ ಮಾಡಿಸಿಕೊಂಡೆ. ಅದು ಸುಲಭವೆಂದು ಹೇಳಲಾರೆ. ಶಸ್ತ್ರಚಿಕಿತ್ಸೆಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿಯಿತು. ಹೊಟ್ಟೆಯ ಮೇಲೆ ಈ ಸೊಂಟದಿಂದ ಆ ಸೊಂಟಕ್ಕೆ ಗಾಯದ ಗೆರೆ ಉಳಿದಿದೆ. ಗಾಯದಿಂದ ಬರುವ ನೀರನ್ನು ಹಿಡಿಯುವ ಡ್ರೈನ್ ಬಾಟಲಿಗಳನ್ನು ಹಳೆಯ ಪೆಟಿಕೋಟಿನಿಂದ ಹೊಲಿದ ಚೀಲದಲ್ಲಿ ಕೊರಳಿಗೆ ತೂಗುಹಾಕಿಕೊಂಡು, ದಿನಕ್ಕೆಷ್ಟು ಎಂಎಲ್ ಬಂತೆಂದು ಒಂಟಿಕೊಪ್ಪಲ್ ಕ್ಯಾಲೆಂಡರಿನ ತಿಥಿಯ ಪಕ್ಕದಲ್ಲೇ ಬರೆಯುತ್ತಿದ್ದೆ. ಆದರೆ ಅದು ನನ್ನದೇ ಮಾಂಸವಾದ್ದರಿಂದ ಸೀಳುವ ಭಯವಿಲ್ಲ. ನಿಮ್ಮ ಅತ್ತಿಗೆಗೆ ರೇಡಿಯೇಷನ್ ಖಚಿತವೇ ಎಂಬುದನ್ನು ಇಂಪ್ಲಾಂಟ್ ಯಾವುದು ಎಂಬುದಕ್ಕಿಂತ ಮೊದಲು ಕೇಳಿ.

ಉತ್ತರ (ಶ್ರೀರಂಗಪಟ್ಟಣ)

ಆಪರೇಷನ್ ಥಿಯೇಟರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯಲ್ಲೂ ಕಂಪನಿ, ಮಾದರಿ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರುಗಳು ಬರುತ್ತವೆ. ಒಂದು ಕೇಸ್ ಶೀಟಿಗೆ, ಒಂದು ರೋಗಿಯ ಕಾರ್ಡಿಗೆ. ಅದನ್ನು ಮನೆಗೆ ಹೊರಡುವ ಮುನ್ನವೇ ಕೇಳಿ ಪಡೆಯಿರಿ, ಕೇಳದಿದ್ದರೆ ಮರೆತುಬಿಡುತ್ತಾರೆ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಬಳಕೆಗೆ ಒಪ್ಪಿಗೆಯಿಲ್ಲದ ಕೈಗಾರಿಕೆಯ ಸಿಲಿಕಾನ್ ತುಂಬಿದ್ದು 2010ರಲ್ಲಿ ಬಯಲಾದಾಗ, ಕಾಗದ ಇಟ್ಟುಕೊಂಡಿದ್ದವರಿಗೆ ತಮ್ಮದು ಯಾವುದೆಂದು ಕೂಡಲೇ ತಿಳಿಯಿತು.

ಇನ್ನೊಂದು ಮಾತು. ನುಣುಪಿನದಕ್ಕೂ ಪೂರ್ಣ ವಿನಾಯಿತಿಯಿಲ್ಲ. ಪೊರೆಯಲ್ಲಿ ಬೇರೆ ಬಗೆಯ, ತೀರ ವಿರಳವಾದ ಕ್ಯಾನ್ಸರುಗಳು ಎಲ್ಲ ಬಗೆಯ ಇಂಪ್ಲಾಂಟುಗಳಲ್ಲೂ ವರದಿಯಾಗಿವೆ ಎಂದು 2022ರಲ್ಲಿ ಎಫ್‌ಡಿಎ ಎಚ್ಚರಿಸಿದೆ. ಯಾವ ಇಂಪ್ಲಾಂಟೂ ಜೀವಮಾನಪೂರ್ತಿ ಬಾಳುವುದಲ್ಲವಾದ್ದರಿಂದ, ಮುಂದೊಂದು ದಿನ ಬದಲಿಸುವ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಏನೂ ಹಾಕಿಸದೆ ಬ್ರಾ ಒಳಗೆ ಸಿಲಿಕಾನ್ ಪ್ಯಾಡ್ ಇಟ್ಟುಕೊಂಡು ನೆಮ್ಮದಿಯಾಗಿರುವವರನ್ನೂ ಬಹಳ ಮಂದಿಯನ್ನು ಕಂಡಿದ್ದೇನೆ. ಅತ್ತಿಗೆಯವರ ಮುಂದೆ ಅದನ್ನೂ ಇಡಿ.

ಪ್ರಶ್ನೆ ಕೇಳಿದವರಿಂದ

ಅಕ್ಕಂದಿರೇ, ಇವತ್ತು ಅತ್ತಿಗೆಯ ಜೊತೆ ಹೋಗಿ ರೇಡಿಯೇಷನ್ ವಿಚಾರವನ್ನೇ ಮೊದಲು ಕೇಳಿದೆವು. ಕಂಕುಳಿನ ಗ್ರಂಥಿಗಳ ವರದಿ ಬರುವವರೆಗೆ ಹೇಳಲಾಗದು, ಅಲ್ಲಿಯವರೆಗೆ ಜಾಗ ಉಳಿಸಿಕೊಳ್ಳಲು ಚರ್ಮವನ್ನು ಹಿಗ್ಗಿಸುವ ತಾತ್ಕಾಲಿಕ ಚೀಲವಾದ ಎಕ್ಸ್‌ಪಾಂಡರ್ ಇಟ್ಟು, ಇಂಪ್ಲಾಂಟೋ ಹೊಟ್ಟೆಯ ಫ್ಲಾಪೋ ಎಂಬುದನ್ನು ಆಮೇಲೆ ನೋಡೋಣ ಎಂದರು. ಎಕ್ಸ್‌ಪಾಂಡರಿಗೂ ಸ್ಟಿಕ್ಕರ್ ಇರುತ್ತದೆಯೇ ಎಂದು ಅತ್ತಿಗೆಯೇ ಕೇಳಿದರು. ಇರುತ್ತದಂತೆ, ಕೊಡುತ್ತಾರಂತೆ.